ಮಂದ್ರಸ್ಥಾಯಿಯ ಬೆಲೆ

ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ವಾದ್ಯ ಕೊಡಿಸುವುದು ಹಿಂದೆ ಅಷ್ಟೇನೂ ಕಷ್ಟದ ಮಾತಾಗಿರಲಿಲ್ಲ. ಮಗಳಿಗೆ ವೀಣೆ, ಮಗನಿಗೆ ಮೃದಂಗ ಇಲ್ಲವೆ ತಬಲಾ, ಇಬ್ಬರಿಗೂ ಸೇರಿ ಒಂದು ಹಾರ್ಮೋನಿಯಂ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಮನೆಯ ಅಟ್ಟದಿಂದ ಪಿಟೀಲೊಂದು ಇಳಿದು ಬಂದರೆ ಆ ಖರ್ಚೂ ಉಳಿಯಿತು. ಈಗ ಹಾಗಲ್ಲ. ಗಣೇಶೋತ್ಸವದ ವಾದ್ಯವೃಂದದಲ್ಲಿ, ಕಾಲೇಜಿನ ಬ್ಯಾಂಡಿನಲ್ಲಿ ನಮ್ಮ ಮಕ್ಕಳು ನಿಲ್ಲುತ್ತಿದ್ದಾರೆ. ಅವರಲ್ಲಿ ಒಬ್ಬನಿಗೋ ಒಬ್ಬಳಿಗೋ ಆರು ತಂತಿಯ ಗಿಟಾರ್ ಬೇಡ, ನಾಲ್ಕು ತಂತಿಯ ಬೇಸ್ ಗಿಟಾರೇ ಬೇಕು. ಆಗ ತಂದೆತಾಯಿಗಳ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಎರಡು ತಂತಿ ಕಡಿಮೆ ಇರುವ ವಾದ್ಯವನ್ನೇ ಮಗು ಏಕೆ ಬಯಸುತ್ತದೆ? ಕೈಗೆಟುಕುವ ಬೆಲೆಯದನ್ನು ಕೊಡಿಸಿದರೆ ಅದರ ಕಲಿಕೆ ಕೆಟ್ಟೀತೇ?

ಮೊದಲನೆಯ ಪ್ರಶ್ನೆಗೆ ಮಗುವೇ ಉತ್ತರ ಹೇಳಬೇಕು. ಎರಡನೆಯದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಉತ್ತರವಿದೆ. ನಾವು ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತರು, ಸಂಗೀತ ವಿದ್ವಾಂಸರಲ್ಲ. ಆದರೆ ಬಿ.ಎಸ್ಸಿ.ಯಲ್ಲಿ ಓದಿದ ಧ್ವನಿಶಾಸ್ತ್ರ ಇನ್ನೂ ಪೂರ್ತಿ ಮರೆತುಹೋಗಿಲ್ಲ. ತಿಂಗಳ ಸಂಬಳದಲ್ಲಿ ಮನೆ ನಡೆಸುವ ಲೆಕ್ಕವಂತೂ ದಿನವೂ ನೆನಪಾಗುತ್ತದೆ. ಈ ಎರಡು ಬಲಗಳಿಂದ ಬೇಸ್ ಗಿಟಾರಿನ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಬೇಸ್ ಗಿಟಾರಿಗೆ ಮುಂಚೆ ಪಾಶ್ಚಾತ್ಯ ವಾದ್ಯವೃಂದದಲ್ಲಿ ಮಂದ್ರಸ್ಥಾಯಿಯ ಹೊಣೆ ಹೊತ್ತದ್ದು ಡಬಲ್ ಬೇಸ್. ಆಳೆತ್ತರದ ಪಿಟೀಲು ಎನ್ನಬಹುದು; ನಿಂತುಕೊಂಡೇ ನುಡಿಸಬೇಕು. ಸುಮಾರು ಆರು ಅಡಿಯ ಈ ವಾದ್ಯವನ್ನು ಅಮೆರಿಕದ ನೃತ್ಯಮಂಡಲಿಗಳವರು ಕಾರಿನ ಮಾಡಿನ ಮೇಲೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಇಷ್ಟೆಲ್ಲ ಪಟ್ಟು ಸಭೆಗೆ ತಂದರೂ ತುತ್ತೂರಿ, ಡೋಲುಗಳ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಅದರ ಕತ್ತಿನ ಮೇಲೆ ನಮ್ಮ ವೀಣೆಗಿರುವಂಥ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ. ಆದ್ದರಿಂದ ಗಿಟಾರ್ ಬಲ್ಲವನು ಅದನ್ನು ಎತ್ತಿಕೊಂಡು ಒಂದು ಸಂಜೆಗೆ ಕೆಲಸ ನಡೆಸುವುದು ಸಾಧ್ಯವಿರಲಿಲ್ಲ.

ವಾದ್ಯ ಅಷ್ಟು ದೊಡ್ಡದಾಗಿರಲು ಕಾರಣವುಂಟು. ತಂತಿಯ ಕಂಪನಸಂಖ್ಯೆ ಅದರ ಉದ್ದಕ್ಕೆ ವಿಲೋಮವಾಗಿರುತ್ತದೆ. ಉದ್ದ ಎರಡರಷ್ಟಾದರೆ, ಬಿಗಿತ ಮತ್ತು ದಪ್ಪ ಹಾಗೆಯೇ ಇದ್ದಲ್ಲಿ, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸ್‌ನ ಕೆಳಗಿನ ತಂತಿ ಸುಮಾರು 41 ಸಲ ಕಂಪಿಸಬೇಕು. ಗಿಟಾರಿನ ತಂತಿ ಸುಮಾರು 65 ಸೆಂಟಿಮೀಟರ್; ಉದ್ದವೊಂದನ್ನೇ ನಂಬಿದರೆ ಬೇಸ್‌ಗೆ 130 ಸೆಂಟಿಮೀಟರಿನ ತಂತಿ ಬೇಕು. ಮನುಷ್ಯರ ಕೈ ಅಷ್ಟು ದೂರ ಚಾಚಲಾರದು. ತಂತಿಯನ್ನು ದಪ್ಪ ಮಾಡಿದರೆ ಉದ್ದವನ್ನು ಕಡಿಮೆ ಮಾಡಬಹುದು. ಆದರೆ ದನಿ ಹೊಮ್ಮಬೇಕಾದರೆ ದೊಡ್ಡ ಮರದ ಪೆಟ್ಟಿಗೆಯೊಳಗಿನ ಗಾಳಿ ಅಲುಗಬೇಕಲ್ಲ? ಆ ಪೆಟ್ಟಿಗೆಯೇ ಡಬಲ್ ಬೇಸ್‌ನ ದೊಡ್ಡ ಹೊಟ್ಟೆ.

ಈ ಹೊಟ್ಟೆಯನ್ನು ಕರಗಿಸಿದ್ದು ವಿದ್ಯುತ್ತು. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಕಂಪಿಸಿದರೆ, ಅದರ ಸುತ್ತ ಸುತ್ತಿದ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವ. ಗಿಟಾರಿನವರು ಪಿಕಪ್ ಎನ್ನುವುದು ಇದನ್ನೇ. ಆ ಪ್ರವಾಹವನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕೊಟ್ಟಮೇಲೆ ಗಾಳಿಯ ಪೆಟ್ಟಿಗೆಯ ಹಂಗಿಲ್ಲ. ಗಟ್ಟಿ ಹಲಗೆಯೊಂದಿದ್ದರೆ ಸಾಕು. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು 1930ರ ದಶಕದ ನಡುವಿನಲ್ಲೇ ಇದನ್ನು ಅರಿತು, ಆಡಿಯೊವಾಕ್ಸ್ ಎಂಬ ಹೆಸರಿನಲ್ಲಿ ಮೆಟ್ಟಿಲುಗಳಿರುವ, ಅಡ್ಡ ಹಿಡಿದು ನುಡಿಸುವ ನಾಲ್ಕು ತಂತಿಯ ಬೇಸ್ ತಯಾರಿಸಿದರು. ಅದು ಹೆಚ್ಚು ಮಾರಾಟವಾಗಲಿಲ್ಲ. ಕಾಲ ಪಕ್ವವಾಗಿರಲಿಲ್ಲ ಎನ್ನೋಣ.

ಅದನ್ನು ಪಕ್ವಗೊಳಿಸಿದವರ ಪರಿಚಯ ನಮ್ಮಂಥವರಿಗೆ ವಿಶೇಷ ಸಂತೋಷ ಕೊಡುತ್ತದೆ. ಏಕೆಂದರೆ ಅವರೂ ಲೆಕ್ಕಪತ್ರದ ಗುಮಾಸ್ತರು! 1909ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಲಿಯೊ ಫೆಂಡರ್ ಓದಿದ್ದು ಲೆಕ್ಕಶಾಸ್ತ್ರ. ಆ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕ ಬರೆಯುತ್ತಿದ್ದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಹೋಯಿತು. ಚಿಕ್ಕಂದಿನಿಂದ ರೇಡಿಯೊ ಬಿಚ್ಚಿ ಜೋಡಿಸುವ ಹುಚ್ಚಿದ್ದುದರಿಂದ, 1938ರಲ್ಲಿ 600 ಡಾಲರ್ ಸಾಲ ತಂದು ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಅಲ್ಲಿಗೆ ಆಂಪ್ಲಿಫೈಯರ್ ರಿಪೇರಿಗೆಂದು ಬರುತ್ತಿದ್ದ ವಾದಕರ ಗೋಳು ಕೇಳುತ್ತ ಕೇಳುತ್ತ ವಾದ್ಯ ತಯಾರಿಕೆಗೆ ಇಳಿದರು. ವಿಚಿತ್ರವೆಂದರೆ ಲಿಯೊ ಅವರಿಗೆ ಕೊನೆಯವರೆಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

1951ರಲ್ಲಿ ಅವರು ಹೊರತಂದ ಬೇಸ್‌ನ ಹೆಸರು ಪ್ರಿಸಿಷನ್. ಮೆಟ್ಟಿಲುಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ ಎಂಬುದು ಆ ಹೆಸರಿನ ಅರ್ಥ. ತಂತಿಯ ಉದ್ದ 34 ಅಂಗುಲ, ಎಂದರೆ ಸುಮಾರು 86 ಸೆಂಟಿಮೀಟರ್. ಉಳಿದದ್ದನ್ನು ದಪ್ಪ ತಂತಿ ನೋಡಿಕೊಂಡಿತು. ಕತ್ತನ್ನು ನುರಿತ ಬಡಗಿ ಅಂಟಿನಿಂದ ಕೂಡಿಸಬೇಕಾಗಿರಲಿಲ್ಲ. ನಾಲ್ಕು ತಿರುಪುಗಳಿಂದ ಒಡಲಿಗೆ ಬಿಗಿದರಾಯಿತು. ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಗಿಟಾರ್ ಬಲ್ಲ ಹುಡುಗ ಕೆಲವೇ ವಾರಗಳ ಅಭ್ಯಾಸದಿಂದ ಬೇಸ್ ವಾದಕನೂ ಆಗಬಹುದು. ಕಾರಿನ ಮಾಡಿನ ಮೇಲೆ ಹಗ್ಗ ಕಟ್ಟುವ ಕಷ್ಟ ತಪ್ಪಿತು. ಆಗಿನ ಬೆಲೆ ಸುಮಾರು 200 ಡಾಲರ್. ಅದು ಚಿಲ್ಲರೆ ಹಣವೇನೂ ಅಲ್ಲ. ಆದರೆ ಇಡೀ ವಾದ್ಯದಲ್ಲಿ ಅಲಂಕಾರಕ್ಕೆಂದು ಮಾಡಿದ ಖರ್ಚು ಬಹಳ ಕಡಿಮೆ. ಲೆಕ್ಕ ಬರೆದ ಕೈಯ ಗುರುತು ಎದ್ದು ಕಾಣುತ್ತದೆ. ಬೇಸ್ ಗಿಟಾರ್ ಹುಟ್ಟಿನಿಂದಲೇ ಮಿತವ್ಯಯದ ವಾದ್ಯ.

ಪಂಡಿತರಿಂದ ಅದಕ್ಕೆ ಕೂಡಲೇ ಮರ್ಯಾದೆ ಸಿಗಲಿಲ್ಲ. ಹಲಗೆಗೆ ತಂತಿ ಬಿಗಿದಿದ್ದಾರೆ ಎಂದು ನಕ್ಕವರೇ ಹೆಚ್ಚು. ಜಾಜ್ ಸಂಗೀತದಲ್ಲಿ ಲಯೊನೆಲ್ ಹ್ಯಾಂಪ್ಟನ್ ಮಂಡಲಿಯ ಮಂಕ್ ಮಾಂಟ್ಗೊಮರಿ 1950ರ ದಶಕದ ಮೊದಲಲ್ಲಿ ಅದನ್ನು ಎತ್ತಿಕೊಂಡು ನಿಂತಾಗ ಜನ ಕುತೂಹಲದಿಂದ ನೋಡಿದರು. ಅದರ ನಿಜವಾದ ಶಕ್ತಿಯನ್ನು ಜಗತ್ತಿಗೆ ತೋರಿಸಿದವರು ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್‌ಸನ್. 1960ರ ದಶಕದಲ್ಲಿ ಮೋಟೌನ್ ಸಂಸ್ಥೆಯ ಅಸಂಖ್ಯ ಜನಪ್ರಿಯ ಹಾಡುಗಳಲ್ಲಿ ಕೇಳಿಸುವ ಬೇಸ್ ಅವರದು. ಅವರ ಕೈಯಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ 1962ರ ಮಾಮೂಲು ಪ್ರಿಸಿಷನ್. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಹಳೆಯ ತಂತಿಗಳನ್ನು ಬದಲಾಯಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಆ ಹಾಡುಗಳು ಲಕ್ಷಗಟ್ಟಲೆ ಮಾರಿದರೂ ತಟ್ಟೆಯ ಮೇಲೆ ವಾದಕನ ಹೆಸರಿರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಧ್ವನಿಮುದ್ರಿಕೆಯೊಂದರ ಮೇಲೆ ಅವರ ಹೆಸರು ಅಚ್ಚಾಯಿತು. ಕಡತದ ಟಿಪ್ಪಣಿ ಬರೆಯುವವರು ಯಾರು, ಕೆಳಗೆ ಸಹಿ ಯಾರದ್ದು ಎಂದು ಬಲ್ಲ ನಮಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೇಮರ್‌ಸನ್ 1983ರಲ್ಲಿ ತೀರಿಕೊಂಡರು.

ಈಗ ಅಟ್ಲಾಂಟಿಕ್ ಸಾಗರ ದಾಟಿ ಇಂಗ್ಲೆಂಡಿಗೆ ಬರೋಣ. ಕಡಿಮೆ ಬಂಡವಾಳದ ಮೊದಲ ಬೇಸ್ ಎಂಬ ನಮ್ಮ ವಿಷಯಕ್ಕೆ ಅಲ್ಲಿಯೇ ಹೆಚ್ಚು ಆಧಾರ ದೊರೆಯುತ್ತದೆ. ಯುದ್ಧಾನಂತರ ಡಾಲರ್ ಉಳಿಸಲೆಂದು ಬ್ರಿಟಿಷ್ ಸರ್ಕಾರ ಅಮೆರಿಕದ ವಾದ್ಯಗಳ ಆಮದಿನ ಮೇಲೆ ನಿರ್ಬಂಧ ಹಾಕಿತ್ತು. ಅದು ಸಡಿಲವಾದದ್ದು 1959ರಲ್ಲಿ. ವಿದೇಶಿ ವಿನಿಮಯದ ಬಿಗಿಯನ್ನು ಕಂಡ ನಮ್ಮ ಹಿರಿಯ ವಾಚಕರಿಗೆ ಇದು ಪರಿಚಿತ ಕಥೆ. ನಿರ್ಬಂಧ ಹೋದಮೇಲೂ ಫೆಂಡರ್ ಬೇಸ್ ಅಲ್ಲಿ ಸುಮಾರು 100 ಪೌಂಡ್. ಬಂದರಿನ, ಗಿರಣಿಯ ಕೆಲಸಗಾರರ ಮಕ್ಕಳಿಗೆ ಅದು ಅಂಗಡಿಯ ಗಾಜಿನಾಚೆಯ ವಸ್ತು.

ಲಿವರ್‌ಪೂಲ್ ನಗರದ ಹುಡುಗರ ತಂಡವೊಂದರಲ್ಲಿ, ಮುಂದೆ ಬೀಟಲ್ಸ್ ಎಂದು ಪ್ರಖ್ಯಾತವಾದ ತಂಡವದು, ಮೊದಲು ಬೇಸ್ ಹಿಡಿದವರು ಸ್ಟುವರ್ಟ್ ಸಟ್‌ಕ್ಲಿಫ್ ಎಂಬ ಚಿತ್ರಕಾರ. ಪ್ರದರ್ಶನವೊಂದರಲ್ಲಿ ಅವರ ಚಿತ್ರ 65 ಪೌಂಡಿಗೆ ಮಾರಾಟವಾಯಿತು. ಹಣ ಬಂತಲ್ಲ, ಬೇಸ್ ಕೊಂಡುಕೋ ಎಂದು ಗೆಳೆಯರು ಹುರಿದುಂಬಿಸಿದರು. ಆದರೆ ಅವರ ಮನಸ್ಸೆಲ್ಲ ಕುಂಚದಲ್ಲಿತ್ತು. 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಅವರು ತಂಡ ಬಿಟ್ಟು ಚಿತ್ರಕಲೆಗೆ ಮರಳಿದಾಗ ಬೇಸ್‌ನ ಹೊಣೆ ಪಾಲ್ ಮೆಕಾರ್ಟ್ನಿಯವರ ತಲೆಗೆ ಬಂತು. ಪಾಲ್ ಆಗ ಹತ್ತೊಂಬತ್ತರ ಆಸುಪಾಸಿನ ಹುಡುಗ. ಸಾಲ ಮಾಡಿ ಫೆಂಡರ್ ಕೊಳ್ಳುವ ಮನಸ್ಸಿಲ್ಲ. ಹ್ಯಾಂಬರ್ಗಿನ ಅಂಗಡಿಯಲ್ಲಿ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಸುಮಾರು 30 ಪೌಂಡಿಗೆ ಸಿಕ್ಕಿತು. ಪಾಲ್ ಎಡಗೈಯವರು. ಎರಡೂ ಪಕ್ಕ ಸಮನಾಗಿರುವ ಪಿಟೀಲಿನ ಆಕಾರ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದೆಂಬುದು ಅವರಿಗೆ ಕಂಡ ಇನ್ನೊಂದು ಅನುಕೂಲ.

ಆ ಹಾಫ್ನರ್ ಮನೆತನಕ್ಕೂ ವಲಸೆಯ ಕಥೆಯಿದೆ. 1887ರಲ್ಲಿ ಕಾರ್ಲ್ ಹಾಫ್ನರ್ ಪಿಟೀಲು ತಯಾರಿಕೆ ಆರಂಭಿಸಿದ ಷೋನ್‌ಬಾಖ್ ಊರು ಇಂದು ಚೆಕ್ ದೇಶದಲ್ಲಿದೆ. ಎರಡನೆಯ ಮಹಾಯುದ್ಧದ ಬಳಿಕ ಅಲ್ಲಿನ ಜರ್ಮನ್ ಭಾಷಿಕರನ್ನು ಹೊರಹಾಕಿದಾಗ, ವಾದ್ಯ ತಯಾರಕರು ಬವೇರಿಯಾದ ಬುಬೆನ್‌ರಾಯ್ಟ್ ಎಂಬ ಹಳ್ಳಿಯಲ್ಲಿ ನೆಲೆ ನಿಂತರು. ಊರು ಹೋಯಿತು, ಕಸುಬು ಜೊತೆಗೆ ಬಂತು. 1955ರಲ್ಲಿ ವಾಲ್ಟರ್ ಹಾಫ್ನರ್ ಬೇಸ್ ಗಿಟಾರ್ ರೂಪಿಸಹೊರಟಾಗ, ಮನೆತನದ ಕೈಗೆ ಒಗ್ಗಿದ ಪಿಟೀಲಿನ ಆಕಾರವನ್ನೇ ಅದಕ್ಕೆ ಕೊಟ್ಟರು. ಒಳಗೆ ಟೊಳ್ಳಾದುದರಿಂದ ಅದು ತೂಕದಲ್ಲಿ ಹಗುರ. ತಂತಿಯ ಉದ್ದ 30 ಅಂಗುಲ ಮಾತ್ರ. ಮೆಕಾರ್ಟ್ನಿಯವರು ಕೀರ್ತಿ, ಸಂಪತ್ತು ಎರಡನ್ನೂ ಗಳಿಸಿದ ಮೇಲೂ ಹಾಫ್ನರನ್ನು ಕೈಬಿಡಲಿಲ್ಲ. 1963ರಲ್ಲಿ ಬಂದ ಅವರ ಎರಡನೆಯ ಹಾಫ್ನರ್ ದಶಕಗಳ ಕಾಲ ಅವರೊಡನೆ ವೇದಿಕೆ ಏರಿತು.

30 ಪೌಂಡಿನ ಮೊದಲನೆಯದು 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಐವತ್ತೊಂದು ವರ್ಷಗಳ ನಂತರ ಆಸಕ್ತರು ಪಟ್ಟು ಹಿಡಿದು ಹುಡುಕಲಾಗಿ, ಮನೆಯೊಂದರ ಅಟ್ಟದಲ್ಲಿ ಅದು ಇದ್ದದ್ದು ತಿಳಿಯಿತು. ಮಾಲಿಕರಿಗೆ ಮರಳಿ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅಗ್ಗದ ವಾದ್ಯವೆಂದು ಕೊಂಡದ್ದಕ್ಕೆ ಇಂದು ಬೆಲೆ ಕಟ್ಟುವವರಿಲ್ಲ.

ಇನ್ನೂ ಕಡಿಮೆ ಹಣದ ಉದಾಹರಣೆ ಬೇಕೆ? ರೋಲಿಂಗ್ ಸ್ಟೋನ್ಸ್ ತಂಡದ ಬಿಲ್ ವೈಮನ್ 1961ರಲ್ಲಿ ಹಳೆಯ ಬೇಸ್ ಒಂದನ್ನು 8 ಪೌಂಡಿಗೆ ಕೊಂಡರು. ಅದರ ಒಡಲನ್ನು ತಾವೇ ಕೊಯ್ದು ಚಿಕ್ಕದು ಮಾಡಿದರು. ಸವೆದ ಮೆಟ್ಟಿಲುಗಳನ್ನು ಕಿತ್ತು ಹೊಸದನ್ನು ಕೂರಿಸಬೇಕೆಂದಿದ್ದವರು, ಕಿತ್ತಮೇಲೆ ನುಡಿಸಿ ನೋಡಿದರೆ ದನಿ ಇನ್ನೂ ಚೆನ್ನಾಗಿದೆ! ಹಾಗೆಯೇ ಬಿಟ್ಟರು. ಮೆಟ್ಟಿಲಿಲ್ಲದ ಬೇಸ್ ಗಿಟಾರನ್ನು ಆಂಪೆಗ್ ಸಂಸ್ಥೆ ಮಾರುಕಟ್ಟೆಗೆ ತಂದದ್ದು 1966ರಲ್ಲಿ, ಫೆಂಡರ್ ತಂದದ್ದು 1970ರಲ್ಲಿ. ಕೈಯಲ್ಲಿ ಹಣವಿಲ್ಲದ ಹುಡುಗ ದೊಡ್ಡ ಕಾರ್ಖಾನೆಗಳಿಗಿಂತ ಐದು ವರ್ಷ ಮುಂದಿದ್ದನೆಂದಾಯಿತು.

ಇತ್ತ ಅಮೆರಿಕದಲ್ಲಿ 1965ರಲ್ಲಿ ಲಿಯೊ ಫೆಂಡರ್ ತಮ್ಮ ಸಂಸ್ಥೆಯನ್ನು ಸಿ.ಬಿ.ಎಸ್. ಕಂಪನಿಗೆ 130 ಲಕ್ಷ ಡಾಲರಿಗೆ ಮಾರಿದರು. ಮುಂದಿನ ವರ್ಷಗಳಲ್ಲಿ ತಯಾರಿಕೆಯ ಗುಣ ಇಳಿಯಿತೆಂದು ವಾದಕರು ದೂರತೊಡಗಿದರು. ಅದೇ ಹೊತ್ತಿಗೆ ಜಪಾನಿನ ಕಾರ್ಖಾನೆಗಳು ಅಮೆರಿಕದ ಮಾದರಿಗಳನ್ನೇ ನೋಡಿ, ಅಷ್ಟೇ ಅಚ್ಚುಕಟ್ಟಾಗಿ, ಕಡಿಮೆ ಬೆಲೆಗೆ ಗಿಟಾರ್ ತಯಾರಿಸುವುದನ್ನು ಕರಗತ ಮಾಡಿಕೊಂಡಿದ್ದವು. ನಗೋಯಾ ನಗರದ ಹೊಷಿನೊ ಎಂಬ ಸಂಸ್ಥೆ ಮೊದಲು ಪುಸ್ತಕದಂಗಡಿ. ಅದರ ಐಬನೆಜ್ ಗಿಟಾರುಗಳು ಗಿಬ್ಸನ್ ಗಿಟಾರುಗಳನ್ನು ಹೋಲುತ್ತವೆಂದು 1977ರಲ್ಲಿ ಅಮೆರಿಕದಲ್ಲಿ ದಾವೆಯೇ ಹೂಡಲಾಯಿತು. ನಕಲನ್ನು ತಡೆಯಲಾಗದೆ ಫೆಂಡರ್‌ನವರು ಕೊನೆಗೆ ಜಾಣತನದ ದಾರಿ ಹಿಡಿದರು. 1982ರಲ್ಲಿ ಜಪಾನಿನ ಮಾತ್ಸುಮೊಟೊ ಊರಿನ ಕಾರ್ಖಾನೆಯೊಂದಿಗೆ ಸೇರಿ, ತಮ್ಮದೇ ಮಾದರಿಗಳನ್ನು ಸ್ಕ್ವಾಯರ್ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರತೊಡಗಿದರು. ಆ ಮೊದಲ ವರ್ಷಗಳ ಸ್ಕ್ವಾಯರ್‌ಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಜಪಾನಿನಲ್ಲಿ ಕೂಲಿ ಏರಿದಂತೆ ತಯಾರಿಕೆ ಕೊರಿಯಾಕ್ಕೆ, ಅಲ್ಲಿಂದ ಚೀನಾ, ಇಂಡೋನೇಷ್ಯಾಗಳಿಗೆ ಸರಿಯಿತು. ಕಂಪ್ಯೂಟರ್ ನಡೆಸುವ ಯಂತ್ರಗಳು ಮರ ಕೊಯ್ಯತೊಡಗಿದ ಮೇಲೆ ಅಗ್ಗದ ಗಿಟಾರಿನ ಕತ್ತೂ ಮೆಟ್ಟಿಲೂ ಹಿಂದಿಗಿಂತ ಬಹಳ ನೇರ್ಪಾಗಿ ಬರುತ್ತಿವೆ.

ನಮ್ಮ ದೇಶದ ಮಾತಿಗೆ ಬಂದರೆ, 1991ರ ಉದಾರೀಕರಣದ ಮುಂಚೆ ವಿದೇಶಿ ವಾದ್ಯದ ಮೇಲೆ ಭಾರಿ ಸುಂಕವಿತ್ತು. ಹೊರದೇಶಕ್ಕೆ ಹೋದ ನೆಂಟರು, ಹಡಗಿನ ನೌಕರರು ತಂದುಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಆ ದಿನಗಳಲ್ಲಿಯೂ ಮುಂಬಯಿಯ ಚಿತ್ರಸಂಗೀತದಲ್ಲಿ ಬೇಸ್ ಗಿಟಾರ್ ಬೇರೂರಿತು. ಆರ್. ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಟೋನಿ ವಾಜ್, ಚರಣ್‌ಜಿತ್ ಸಿಂಗ್ ಮುಂತಾದವರು ಬೇಸ್ ನುಡಿಸಿದರು. ಇವರಲ್ಲಿ ಚರಣ್‌ಜಿತ್ ಸಿಂಗ್ ಕಥೆ ಸ್ವಾರಸ್ಯವಾದದ್ದು. ಒಬ್ಬರೇ ಕುಳಿತು ಅಭ್ಯಾಸ ಮಾಡುವ ಗಿಟಾರಿನವರಿಗೆ ಬೇಸ್ ಜೊತೆ ನೀಡಲೆಂದು ಜಪಾನಿನ ರೋಲಂಡ್ ಸಂಸ್ಥೆ 1981ರಲ್ಲಿ ಟಿ.ಬಿ. 303 ಎಂಬ ಚಿಕ್ಕ ಯಂತ್ರವನ್ನು ತಂದಿತು. ನಿಜವಾದ ಬೇಸ್‌ನಂತೆ ಕೇಳಿಸದೆ ಅದು ಸೋತಿತು; 1984ರಲ್ಲಿ ತಯಾರಿಕೆಯೇ ನಿಂತಿತು. ಆದರೆ ಸಿಂಗ್ ಅವರು ಅದನ್ನು ಬಳಸಿ 1982ರಲ್ಲೇ ಹತ್ತು ರಾಗಗಳ ಧ್ವನಿಮುದ್ರಿಕೆ ಮಾಡಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. ಮುಂದೆ ಅಮೆರಿಕದ ಷಿಕಾಗೊ ನಗರದಲ್ಲಿ ಕೈಯಲ್ಲಿ ಕಾಸಿಲ್ಲದ ಯುವಕರು ಅದೇ ಯಂತ್ರವನ್ನು ಹಳೆಯ ಸಾಮಾನಿನ ಬೆಲೆಗೆ ಕೊಂಡು ಹೊಸದೊಂದು ನೃತ್ಯಸಂಗೀತವನ್ನೇ ಹುಟ್ಟಿಸಿದರು. ಸಿಂಗ್ ಅವರ ತಟ್ಟೆ 2010ರಲ್ಲಿ ಮರುಮುದ್ರಣವಾದಾಗ, ಮುಂಬಯಿಯ ಬೇಸ್ ವಾದಕ ಇದನ್ನು ಮೊದಲೇ ಮಾಡಿಟ್ಟಿದ್ದನಲ್ಲ ಎಂದು ಕೇಳಿದವರು ಬೆರಗಾದರು.

ಕನ್ನಡದ ಕಿವಿಗೂ ಈ ಮಂದ್ರದನಿ ಹೊಸದಲ್ಲ. ನಮ್ಮ ಜಿ. ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದು ಕನ್ನಡ ಚಿತ್ರಗಳಲ್ಲಿ ದುಡಿದ ಇಳಯರಾಜ ಅವರು, ಮುಂದೆ ತಮ್ಮ ಸಂಗೀತದಲ್ಲಿ ಬೇಸ್ ಗಿಟಾರಿಗೆ ಪಕ್ಕವಾದ್ಯಕ್ಕಿಂತ ಹೆಚ್ಚಿನ ಸ್ಥಾನ ಕೊಟ್ಟರು. ಶಂಕರ್ ನಾಗ್ ಅವರ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಹಾಡುಗಾರರನ್ನು ಬಿಟ್ಟು ಕೆಳಗಿನ ದನಿಯೊಂದನ್ನೇ ಹಿಂಬಾಲಿಸಿ ಕೇಳಿ ನೋಡಿ. ಮಗು ಆ ನಾಲ್ಕು ತಂತಿಗಳನ್ನು ಏಕೆ ಬಯಸುತ್ತದೆಂಬುದು ನಿಮಗೇ ತಿಳಿಯುತ್ತದೆ.

ಈ ಚರಿತ್ರೆಯಿಂದ ನಾವು ಕಲಿಯುವುದೇನು? ಕಡಿಮೆ ಬೆಲೆ ಬೇರೆ, ಕೆಟ್ಟ ವಾದ್ಯ ಬೇರೆ. ವೈಮನ್ ಅವರ 8 ಪೌಂಡಿನ ವಾದ್ಯವಾಗಲಿ, ಮೆಕಾರ್ಟ್ನಿಯವರ 30 ಪೌಂಡಿನದಾಗಲಿ ನೋಟಕ್ಕೆ ಹೇಗಿದ್ದರೂ ಶ್ರುತಿಯಲ್ಲಿ ನಿಲ್ಲುತ್ತಿದ್ದವು. ಹೊಳಪು, ಬಣ್ಣ, ಹೆಸರುಗಳಿಗೆ ಹಣ ಕೊಡದಿದ್ದರೆ ನಷ್ಟವಿಲ್ಲ. ಕತ್ತು, ಬಿರಡೆ, ಕುದುರೆ ಈ ಮೂರರಲ್ಲಿ ಮೋಸವಾದರೆ ಮಾತ್ರ ಮಗು ನಾಲ್ಕು ದಿನದಲ್ಲಿ ಬೇಸರಪಟ್ಟು ವಾದ್ಯವನ್ನು ಮೂಲೆಗಿಡುತ್ತದೆ.

ಅಂಗಡಿಯಲ್ಲೇ ಇವನ್ನು ಪರೀಕ್ಷಿಸಬಹುದು. ತಂತಿಯೊಂದನ್ನು ಮೊದಲ ಮೆಟ್ಟಿಲಿನ ಮೇಲೂ ಕೊನೆಯ ಮೆಟ್ಟಿಲಿನ ಮೇಲೂ ಏಕಕಾಲಕ್ಕೆ ಒತ್ತಿ ಹಿಡಿದರೆ ಅದೇ ಅಳತೆಪಟ್ಟಿಯಾಗುತ್ತದೆ. ನಡುವೆ ಕಾಗದದಷ್ಟು ಸಂದಿದ್ದರೆ ಕತ್ತು ಸರಿಯಾಗಿದೆ. ಅಲ್ಪಸ್ವಲ್ಪ ಬಾಗಿದ ಕತ್ತನ್ನು ಒಳಗಿನ ಕಂಬಿ ತಿರುಗಿಸಿ ನೇರ ಮಾಡಬಹುದು, ತಿರುಚಿದ ಕತ್ತಿಗೆ ಮದ್ದಿಲ್ಲ. ಹನ್ನೆರಡನೆಯ ಮೆಟ್ಟಿಲು ತಂತಿಯ ಅರ್ಧ ಉದ್ದ. ಅಲ್ಲಿ ಒತ್ತಿ ನುಡಿಸಿದ ಸ್ವರ ಬರಿ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಇಲ್ಲದಿದ್ದರೆ ಕುದುರೆಯನ್ನು ಸರಿಪಡಿಸಿ ತೋರಿಸಲು ಅಂಗಡಿಯವರನ್ನೇ ಕೇಳಿ. ಶ್ರುತಿ ಮಾಡಿ ಹತ್ತು ನಿಮಿಷ ನುಡಿಸಿದ ಮೇಲೂ ಬಿರಡೆಗಳು ಜಾರದಿರಬೇಕು. ಕತ್ತಿನ ಅಂಚಿನ ಮೇಲೆ ಅಂಗೈ ಸವರಿದರೆ ಮೆಟ್ಟಿಲಿನ ತುದಿಗಳು ಚುಚ್ಚಬಾರದು. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಗಾಬರಿ ಬೇಡ, ಅದು ಸಣ್ಣ ಖರ್ಚಿನ ರಿಪೇರಿ. ಕೈ ಚಿಕ್ಕದಿರುವ ಮಕ್ಕಳಿಗೆ 30 ಅಂಗುಲದ ತಂತಿಯ ಬೇಸ್ ಸಾಕು. ಅದು ಮಕ್ಕಳಾಟಿಕೆಯಲ್ಲವೆಂಬುದಕ್ಕೆ ಹಾಫ್ನರೇ ಸಾಕ್ಷಿ.

ಇರುವ ಹಣವನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಆಂಪ್ಲಿಫೈಯರ್ ಇಲ್ಲದ ಬೇಸ್ ಮೂಕ. ಮನೆಯ ಸ್ಟೀರಿಯೊಗೆ ಜೋಡಿಸಿದರೆ ಮಂದ್ರದನಿಯ ಹೊಡೆತಕ್ಕೆ ಸ್ಪೀಕರ್ ಹರಿಯಬಹುದು. ಒಂದೇ ಗೋಡೆಯನ್ನು ನೆರೆಯವರೊಂದಿಗೆ ಹಂಚಿಕೊಂಡಿರುವ ನಮ್ಮ ಫ್ಲ್ಯಾಟುಗಳಿಗೆ ಹೆಡ್‌ಫೋನ್ ಸಿಕ್ಕಿಸಬಹುದಾದ ಚಿಕ್ಕ ಆಂಪ್ಲಿಫೈಯರೇ ಲೇಸು. ಹೆಗಲ ಪಟ್ಟಿ, ಕೇಬಲ್, ಚೀಲ, ಮೊದಲ ಕೆಲವು ತಿಂಗಳ ಪಾಠದ ಶುಲ್ಕ ಇವನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಕರಾವಳಿಯ ಊರುಗಳಲ್ಲಿ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸುವ ಅಭ್ಯಾಸ ಮಾಡಿಸಿದರೆ ಆ ಖರ್ಚು ಉಳಿಯುತ್ತದೆ. ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದಾದರೆ ಹಳೆಯ ವಾದ್ಯ ಕೊಳ್ಳಲು ಹಿಂಜರಿಯಬೇಕಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಬೇಡವೆನ್ನುವುದಕ್ಕೆ ಬಳಸುತ್ತೇವೆ. ಆದರೆ ಇದ್ದಷ್ಟು ಹಾಸಿಗೆಯಲ್ಲಿ ಕಾಲು ಚಾಚು ಎಂದೂ ಆ ಗಾದೆ ಹೇಳುತ್ತದಲ್ಲವೆ? ಒಳ್ಳೆಯದನ್ನೇ ಕೊಡಿಸೋಣ, ಮುಂದಿನ ಬಾಕಿ ಭತ್ಯೆ ಬರಲಿ, ಹತ್ತನೆಯ ತರಗತಿ ಮುಗಿಯಲಿ ಎಂದು ನಾವು ಮುಂದೂಡುತ್ತ ಹೋದರೆ ಹಣ ಕೂಡೀತು, ಆಸೆ ಆರಿರುತ್ತದೆ. ಹದಿನಾಲ್ಕರ ಹಂಬಲ ಹದಿನೆಂಟರವರೆಗೆ ಕಾಯುವುದಿಲ್ಲ. ಇನ್ನೊಂದು ಕಡೆ, ಕಂತಿನ ಸಾಲ ಮಾಡಿ ದುಬಾರಿ ವಾದ್ಯ ತಂದರೆ ಅದು ಮಗುವಿನ ಹೆಗಲ ಮೇಲೆ ಬೇರೊಂದು ಭಾರ. ಕೈಲಾದ ಬೆಲೆಯಲ್ಲಿ, ಶ್ರುತಿ ನಿಲ್ಲುವ ವಾದ್ಯವೊಂದನ್ನು ಈ ವರ್ಷವೇ ಕೊಡಿಸುವುದು ಜಾಣತನ. ಸಂಘದ ಮುಂದಿನ ರಾಜ್ಯೋತ್ಸವದಲ್ಲಿ ಭಾವಗೀತೆಗಳ ಹಿಂದೆ ಆ ನಾಲ್ಕು ತಂತಿಗಳ ದನಿ ಕೇಳಿಸಿದರೆ, ವಾದಕರ ಹೆಸರನ್ನು ಧ್ವನಿವರ್ಧಕದಲ್ಲಿ ಹೇಳಲು ಕಾರ್ಯದರ್ಶಿಗಳು ಮರೆಯಬಾರದೆಂದು ಈಗಲೇ ವಿನಂತಿಸಿಕೊಳ್ಳುತ್ತೇವೆ.